ರ‍್ಯಾಂಪಿಗೆ ‘ಇಳಿಜಾರು’ ಸಾಕೇ? ‘ವಾಟ’ ನಿಮ್ಮ ಕಡೆ ಬಳಕೆಯಲ್ಲಿದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಗಾಲಿಕುರ್ಚಿಯಲ್ಲಿ ಬರುವವರಿಗೆ, ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ ಬಸ್ ನಿಲ್ದಾಣಗಳಲ್ಲಿ ಏನೇನು ಬೇಕು ಎಂದು ನಾವು ಕೆಲವರು ಸೇರಿ ಒಂದು ಮನವಿ ಸಿದ್ಧಮಾಡುತ್ತಿದ್ದೇವೆ. ಬರೀ ಬೇಡಿಕೆ ಪಟ್ಟಿ ಕೊಟ್ಟು ಸುಮ್ಮನಾಗುವುದು ಬೇಡ, ಹಾಕಬೇಕಾದ ಫಲಕಗಳ ಒಕ್ಕಣೆಯನ್ನೂ ನಾವೇ ಕೊಡೋಣ ಎಂದಾಯಿತು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳೆಂದು ಆ ಕೆಲಸ ನನ್ನ ಪಾಲಿಗೆ ಬಂತು. ಮೊದಲನೇ ಫಲಕಕ್ಕೇ ಕೈ ನಿಂತಿದೆ. ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿ ಹತ್ತಿಸಲು ಮಾಡುವ ಓರೆ ದಾರಿಯಾದ ರ‍್ಯಾಂಪಿಗೆ ಕನ್ನಡದಲ್ಲಿ ಏನೆಂದು ಬರೆಯೋಣ?

‘ಇಳಿಜಾರು’ ಎಂದು ಎಲ್ಲೆಡೆ ಬರೆಯುತ್ತಾರೆ, ನಾನೂ ಅದನ್ನೇ ಬರೆದಿದ್ದೆ. ಕರಡನ್ನು ನನ್ನ ತಮ್ಮನಿಗೆ ತೋರಿಸಿದೆ. ಅವನಿಗೆ ಎರಡು ವರ್ಷವಿದ್ದಾಗ ಪೋಲಿಯೋ ಆಗಿತ್ತು. ಬಹಳ ಕಾಲ ಕಾಲಿಗೆ ಕ್ಯಾಲಿಪರ್ (ಆಸರೆಯ ಪಟ್ಟಿ) ಕಟ್ಟಿಕೊಂಡು ನಡೆದ, ಈಗ ಹತ್ತು ವರ್ಷದಿಂದ ಗಾಲಿಕುರ್ಚಿ. ಓದಿ ಅವನು ಹೇಳಿದ್ದು ಇಷ್ಟು: “ಅಕ್ಕಾ, ನಾನು ಹತ್ಬೇಕು. ಬೋರ್ಡಿನಾಗೆ ಇಳಿ, ಜಾರು ಅಂತ ಬರ್ದೀಯಲ್ಲ.”

ಆ ಪದವನ್ನು ಹಾಗೆ ಬಿಡಿಸಿ ನಾನು ಒಮ್ಮೆಯೂ ನೋಡಿರಲಿಲ್ಲ. ಎರಡೂ ಕೆಳಕ್ಕೆ ಹೋಗುವ ಮಾತೇ. ಜಾರುಬಂಡೆ, ಕಾಲು ಜಾರು, ಬಾಯಿ ಜಾರು, ಜಾರಿಕೊಳ್ಳು: ಇವುಗಳಲ್ಲಿ ಯಾವುದರಲ್ಲೂ ‘ಜಾರು’ ಎಂಬುದಕ್ಕೆ ಮೇಲೆ ಹತ್ತಿಸುವ ಅರ್ಥವಿಲ್ಲ. ಗುಡ್ಡದ ಮಗ್ಗುಲಿಗೆ, ಹೊಲದ ಓರೆಗೆ ಇಳಿಜಾರು ಎಂದರೆ ಸರಿಯೇ. ಗಾಲಿಕುರ್ಚಿ ಹತ್ತಿಸುವ ದಾರಿಗೆ ಅದು ಹೊಂದುತ್ತದೆಯೇ?

ಗುಡ್ಡದ ಓರೆಗೂ ಗಾಲಿಕುರ್ಚಿಯ ದಾರಿಗೂ ಪದ ಒಂದೇ ಆಗಿ ಹೋದರೆ ಕಟ್ಟುವವರ ಕೆಲಸವೂ ಒಂದೇ ಆಗುತ್ತದೆ ಎಂಬುದು ನನ್ನ ಅನುಮಾನ. ನಮ್ಮ ಕಡೆಯ ಒಂದು ಬಸ್ ನಿಲ್ದಾಣದಲ್ಲಿ (ಯಾವುದೆಂದು ಇಲ್ಲಿ ಬೇಡ) ಅಳತೆ ಟೇಪು ಹಿಡಿದು ನೋಡಿದೆ. ಆರಾರು ಇಂಚಿನ ಮೂರು ಮೆಟ್ಟಿಲು, ಅಂದರೆ ಒಂದೂವರೆ ಅಡಿ ಎತ್ತರ. ಪಕ್ಕದಲ್ಲಿ ಮಾಡಿದ ರ‍್ಯಾಂಪಿನ ಉದ್ದ ಐದು ಅಡಿ. ಒಂದಕ್ಕೆ ಹನ್ನೆರಡು ಎಂಬುದು ಒಪ್ಪಿತ ಲೆಕ್ಕ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಹಾಗಾದರೆ ಅಲ್ಲಿ ಹದಿನೆಂಟು ಅಡಿ ಇರಬೇಕಿತ್ತು. ಮೇಲೆ ನುಣುಪು ಟೈಲ್ಸ್ ಬೇರೆ. ತಮ್ಮನನ್ನು ಇಬ್ಬರು ತಳ್ಳಿಕೊಂಡು ಹತ್ತಿಸುವಾಗ ಕುರ್ಚಿಯ ಮುಂದಿನ ಸಣ್ಣ ಗಾಲಿಗಳೆರಡೂ ನೆಲ ಬಿಟ್ಟು ಮೇಲೆದ್ದವು. ಅವನು ಹಿಂದಕ್ಕೆ ವಾಲಿ, ಎರಡೂ ಕೈಯಲ್ಲಿ ಕಂಬಿ ಹುಡುಕಿದ. ಕಂಬಿಯೇ ಇರಲಿಲ್ಲ. ಅದು ಹೆಸರಿಗೆ ತಕ್ಕಂತೆ ಇಳಿಜಾರೇ ಆಗಿತ್ತು.

ನಮ್ಮ ಮನೆಯಲ್ಲೂ ಹೀಗೇ ಆಯಿತು. ಬಾಗಿಲ ಮುಂದೆ “ಒಂದು ಇಳಿಜಾರು ಮಾಡಿಕೊಡಪ್ಪ” ಎಂದು ಗೌಂಡಿಗೆ ಹೇಳಿ ಒಳಗೆ ಹೋದೆ. ಬಂದು ನೋಡಿದರೆ ಎರಡಡಿ ಉದ್ದದ ಗಾರೆ ದಿಬ್ಬ. “ಬೈಕ್ ಹತ್ಸಾಕೆ ಅಂದ್ಕಂಡೆ ಅಮ್ಮಾ” ಅಂದ. ತಮ್ಮ ಹೊರಗೆ ಬಂದು, ಯಾರ ಕೈಯಾಸರೆಯೂ ಇಲ್ಲದೆ ತಾನೇ ಗಾಲಿ ತಿರುಗಿಸಿಕೊಂಡು ಹತ್ತಬೇಕು ಎಂದು ತೋರಿಸಿದ. ಆಗ ಗೌಂಡಿ, “ಹಂಗಾರೆ ನಿಮಗ್ ಬೇಕಾಗಿರೋದು ವಾಟ ಅನ್ರಿ. ಇಳಿಜಾರು ಅಂತ ಯಾಕಂದ್ರಿ?” ಎಂದು ದಿಬ್ಬವನ್ನು ಒಡೆದು ಹಾಕಿದ. ಹೊಸಲಿನ ಕೆಳಗೆ ಒಂಬತ್ತು ಇಂಚು ಎತ್ತರವಿತ್ತು. ಗೋಡೆಗುಂಟ ತಿರುಗಿಸಿ ಒಂಬತ್ತು ಅಡಿ ಎಳೆದು, ಕೊನೆಗೆ ಹಸಿ ಗಾರೆಯ ಮೇಲೆ ಪೊರಕೆಯಿಂದ ಅಡ್ಡ ಗೀರು ಎಳೆದ, ಗಾಲಿ ಜಾರದಿರಲಿ ಎಂದು. ಈಗ ತಮ್ಮ ಅದರ ಮೇಲೆ ಒಬ್ಬನೇ ಬಂದುಹೋಗುತ್ತಾನೆ.

ವಾಟ ಎಂದರೆ ನಮ್ಮ ಕಡೆ ಬಚ್ಚಲಿಗೆ, ತಾರಸಿಗೆ ನೀರು ನಿಲ್ಲದ ಹಾಗೆ ಕೊಡುವ ಸಣ್ಣ ಓರೆ. “ವಾಟ ಸಾಲ್ದು”, “ವಾಟ ಜಾಸ್ತಿ ಆತು” ಎಂದು ಕೆಲಸಗಾರರು ದಿನವೂ ಆಡುವ ಮಾತು. ಬಚ್ಚಲ ವಾಟ ಒಂದಕ್ಕೆ ಹನ್ನೆರಡಕ್ಕಿಂತ ಎಷ್ಟೋ ಕಡಿಮೆ ಎಂಬುದು ನನಗೂ ಗೊತ್ತು. ಆದರೆ ಆ ಪದದಲ್ಲಿ ಎರಡು ಗುಣ ಕಾಣುತ್ತವೆ. ಮೇಲೆ, ಕೆಳಗೆ ಎಂಬ ಪಕ್ಷ ಅದಕ್ಕಿಲ್ಲ. ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಅಳೆಯುವ ಗುಣ ಅದರೊಳಗೇ ಇದೆ. ‘ಇಳಿಜಾರು ಜಾಸ್ತಿಯಾಯಿತು’ ಎಂದು ಗೌಂಡಿಗೆ ಹೇಳಿದರೆ ತಲೆಗೆ ಹೋಗುವುದಿಲ್ಲ, ‘ವಾಟ ಜಾಸ್ತಿಯಾಯಿತು’ ಎಂದರೆ ಕರಣೆ ಎತ್ತಿಕೊಳ್ಳುತ್ತಾನೆ.

ಆದರೆ ಪ್ರಯಾಣಿಕರು ಓದುವ ಫಲಕಕ್ಕೆ ‘ವಾಟದ ದಾರಿ’ ಎಂದರೆ ಎಷ್ಟು ಜನಕ್ಕೆ ತಿಳಿದೀತು? ಅದಕ್ಕೇ ಎರಡು ಹೆಸರು ಇಟ್ಟುಕೊಳ್ಳೋಣವೇ ಎಂದು ಯೋಚಿಸುತ್ತಿದ್ದೇನೆ. ಕಟ್ಟುವವರಿಗೆ ಕೊಡುವ ಬರಹದಲ್ಲಿ ವಾಟ, ಫಲಕದಲ್ಲಿ ‘ಮೆಟ್ಟಿಲಿಲ್ಲದ ದಾರಿ’. ನಮ್ಮಮ್ಮ ಇದ್ದಿದ್ದರೆ ‘ಪಾವಟಿಗೆ ಇಲ್ಲದ ದಾರಿ’ ಅನ್ನುತ್ತಿದ್ದಳು, ಹಳಬರು ಈಗಲೂ ಮೆಟ್ಟಿಲಿಗೆ ಪಾವಟಿಗೆ ಎನ್ನುತ್ತಾರೆ. ಮೆಟ್ಟಿಲಿಲ್ಲದ ದಾರಿ ಎಂದರೆ ಮಂಡಿನೋವಿನ ಅಜ್ಜಿಯೂ, ಕಂಕುಳಲ್ಲಿ ಮಗು ಕೈಯಲ್ಲಿ ಚೀಲ ಹಿಡಿದ ತಾಯಿಯೂ ಕೇಳದೆ ಆ ಕಡೆ ತಿರುಗುತ್ತಾರೆ. ‘ಗಾಲಿಕುರ್ಚಿ’ ಎಂಬ ಪದ ಚೆನ್ನಾಗಿ ನೆಲೆನಿಂತದ್ದು ಕಣ್ಣಿಗೆ ಕಂಡದ್ದನ್ನೇ ಹೇಳಿದ್ದರಿಂದ. ಇದೂ ಹಾಗೇ ನಿಲ್ಲಬಹುದು.

ಇನ್ನೊಂದು ಕಾರಣವಿದೆ. ‘ವಿಕಲಚೇತನರ ದಾರಿ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ನಮ್ಮ ರಾಜ್ಯದ ಇಲಾಖೆಯ ಹೆಸರೇ ‘ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ’ ಎಂದಿದೆ, ಹಾಗಾಗಿ ಅರ್ಜಿಯಲ್ಲಿ ಅದನ್ನು ಬಳಸಲೇಬೇಕು. ‘ಅಂಗವಿಕಲ’ ನೋಯಿಸುತ್ತದೆ ಎಂದು ಈ ಪದ ಬಂತು, ಉದ್ದೇಶ ಒಳ್ಳೆಯದೇ. ಆದರೆ ಸಮಾಸ ಬಿಡಿಸಿ ನೋಡಿ: ಯಾರ ಚೇತನ ವಿಕಲವಾಗಿದೆಯೋ ಅವರು. ಅಂಗದಲ್ಲಿದ್ದ ಊನವನ್ನು ತೆಗೆದು ಚೇತನಕ್ಕೆ ಹಚ್ಚಿದಂತಾಯಿತು. “ಕಾಲಿಗೆ ಊನ ಅಂದ್ರೆ ಒಪ್ಕಂತೀನಿ, ಚೇತನಕ್ಕೆ ಊನ ಅಂದ್ರೆ ಹೆಂಗ್ ಒಪ್ಲಿ?” ಎಂದು ತಮ್ಮ ಕೇಳುತ್ತಾನೆ. 2015ರ ಕೊನೆಯಲ್ಲಿ ಹಿಂದಿಯಿಂದ ಬಂದ ‘ದಿವ್ಯಾಂಗ’ವೂ ಅವನಿಗೆ ಬೇಡ, ದಿವ್ಯವಾದದ್ದೇನೂ ತನ್ನ ಕಾಲಿನಲ್ಲಿಲ್ಲ ಎನ್ನುತ್ತಾನೆ. ಜನರಿಗೆ ಏನೆನ್ನಬೇಕೆಂಬ ಚರ್ಚೆ ದೊಡ್ಡದು, ಅದನ್ನಿಲ್ಲಿ ಬೆಳೆಸುವುದಿಲ್ಲ. ಫಲಕ ದಾರಿಯನ್ನು ಹೆಸರಿಸಿದರೆ ಸಾಕು, ಜನರನ್ನು ಹೆಸರಿಸುವ ಅಗತ್ಯವೇ ಬೀಳುವುದಿಲ್ಲ.

ಇದೇ ಪಟ್ಟಿಯಲ್ಲಿ ಇನ್ನೂ ಕೆಲವು ಪದಗಳಿವೆ.

‘ಆಕ್ಸೆಸಿಬಿಲಿಟಿ’ಗೆ, ಅಂದರೆ ಎಲ್ಲರೂ ತಲುಪಿ ಬಳಸುವಂತಿರುವುದಕ್ಕೆ, ‘ಪ್ರವೇಶ ಸೌಲಭ್ಯ’ ಎಂದು ಅನುವಾದ ಮಾಡುತ್ತಾರೆ. ಪ್ರವೇಶ ಎಂದರೆ ಬಾಗಿಲು ದಾಟುವುದು ಮಾತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 41ನೆಯ ಕಲಮು ಬಸ್ ನಿಲ್ದಾಣ, ರೈಲು ನಿಲ್ದಾಣಗಳನ್ನು ಹೆಸರಿಸಿ ವಾಹನ ನಿಲ್ಲಿಸುವ ಜಾಗ, ಶೌಚಾಲಯ, ಟಿಕೆಟ್ ಕೌಂಟರುಗಳನ್ನೂ ಸೇರಿಸುತ್ತದೆ. ಒಳಗೆ ಬಂದವರಿಗೆ ಕೌಂಟರು ಎದೆಗಿಂತ ಮೇಲಿದ್ದರೆ ಪ್ರವೇಶವಾಗಿ ಏನು ಬಂತು? ‘ಕೈಗೆಟುಕುವ’ ಎಂದರೆ ಈಗ ಅಗ್ಗ ಎಂದೇ ಅರ್ಥವಾಗುತ್ತದೆ. 2015ರ ಡಿಸೆಂಬರ್ 3ರಂದು ಶುರುವಾದ ಕೇಂದ್ರದ ‘ಸುಗಮ್ಯ ಭಾರತ’ ಅಭಿಯಾನದಿಂದ ‘ಸುಗಮ್ಯ’ ಎಂಬ ಪದ ಬಂದಿದೆ. ಸಂಸ್ಕೃತದಲ್ಲಿ ಸರಿಯಾದ ಪದ. ದೇವರ ವಿಷಯದಲ್ಲಿ ನಾವು ಹೇಳುವ ‘ಅಗಮ್ಯ’ಕ್ಕೆ ನೇರ ಎದುರು. ಆದರೆ ಓದುವವರು ‘ಸುಗಮ’ವನ್ನು ತಪ್ಪಾಗಿ ಬರೆದಿದ್ದಾರೆ ಎಂದುಕೊಳ್ಳುತ್ತಾರೆ. ‘ಸುಗಮ’ವನ್ನೇ ಯಾಕೆ ಇಟ್ಟುಕೊಳ್ಳಬಾರದು?

‘ಲೋ ಫ್ಲೋರ್ ಬಸ್’ ಎಂಬುದಕ್ಕೆ ‘ಕೆಳಮಟ್ಟದ ಬಸ್’ ಎಂದು ಬರೆದದ್ದನ್ನು ಓದಿ ಬೇಸರವಾಯಿತು. ಕೆಳಮಟ್ಟದ್ದು ಎಂದರೆ ಕೀಳು ದರ್ಜೆಯದು ಎಂದೇ ಅರ್ಥ. ನೆಲದಿಂದ ಸುಮಾರು 40 ಸೆಂಟಿಮೀಟರ್ ಎತ್ತರದಲ್ಲಿ ಒಳನೆಲ ಇರುವ ಬಸ್ಸು ಅದು. ‘ತಗ್ಗುನೆಲದ ಬಸ್ಸು’ ಎನ್ನೋಣವೇ?

ಕಣ್ಣು ಕಾಣದವರು ಪಾದದಿಂದ, ಕೋಲಿನಿಂದ ತಿಳಿಯುವ ಉಬ್ಬು ಹಾಸು ಇನ್ನೊಂದು. ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಎಲ್ಲರೂ ‘ಹಳದಿ ಪಟ್ಟಿ’ ಎನ್ನುತ್ತಾರೆ. ಮಂದದೃಷ್ಟಿಯವರಿಗೆ ಆ ಹಳದಿ ನಿಜವಾಗಿ ಉಪಕಾರಿ. ಆದರೆ ಏನೂ ಕಾಣದವರಿಗೆ ‘ಹಳದಿ ಪಟ್ಟಿ ಹಿಡಿದು ಹೋಗಿ’ ಎಂದು ಹೇಗೆ ಹೇಳುವುದು? ಜಪಾನಿನ ಸೆಯಿಚಿ ಮಿಯಾಕೆ ಇದನ್ನು 1965ರಲ್ಲಿ ರೂಪಿಸಿದರು, 1967ರಲ್ಲಿ ಒಕಾಯಾಮಾದಲ್ಲಿ ಮೊದಲು ಹಾಸಲಾಯಿತು. ಅಲ್ಲಿ ಅದರ ಹೆಸರು ‘ತೆಂಜಿ ಬ್ಲಾಕ್’, ತೆಂಜಿ ಎಂದರೆ ಬ್ರೈಲ್. ಅವರು ಮುಟ್ಟಿ ಓದುವುದರ ಹೆಸರನ್ನೇ ಇಟ್ಟಿದ್ದಾರೆ. ಇದರಲ್ಲಿ ಎರಡು ಬಗೆ: ಉದ್ದ ಗೀರಿದ್ದರೆ ಮುಂದೆ ನಡೆಯಿರಿ, ಉಬ್ಬಿದ ಬೊಟ್ಟುಗಳಿದ್ದರೆ ನಿಲ್ಲಿ, ಮುಂದೆ ಅಂಚೋ ತಿರುವೋ ಇದೆ. ‘ಗೀರುಹಾಸು’, ‘ಬೊಟ್ಟುಹಾಸು’ ಎಂದು ಬರೆದುಕೊಂಡಿದ್ದೇನೆ. ಕೋಲು ಹಿಡಿದು ನಡೆಯುವ ಗೆಳತಿಯೊಬ್ಬಳಿಗೆ ಫೋನಿನಲ್ಲಿ ಹೇಳಿದೆ. ಗೀರು ಸರಿ, ಬೊಟ್ಟು ಬೇಡ, ‘ಗುಬುಟು’ ಅನ್ನಿ, ಕಾಲಿಗೆ ಹಾಗೇ ಸಿಗುತ್ತದೆ ಎಂದಳು. ನನಗೆ ಅವಳ ಪದವೇ ಹೆಚ್ಚು ಹಿಡಿಸಿದೆ.

ಕ್ರಿಯಾಪದದ ಬಗ್ಗೆಯೂ ಒಂದು ಮಾತು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು, ಈ ಸೌಲಭ್ಯಗಳ ಮಾನದಂಡ ಬರೀ ಶಿಫಾರಸಿನಂತಿದ್ದರೆ ಸಾಲದು, ಕಡ್ಡಾಯವಾದ ನಿಯಮ ಬೇಕು ಎಂದು ಹೇಳಿತು. ನಮ್ಮ ಕರಡಿನಲ್ಲಿ ಹಲವು ಕಡೆ ‘ಒದಗಿಸಬಹುದು’ ಎಂದು ಬರೆದಿದ್ದೆವು. ಎಲ್ಲವನ್ನೂ ‘ಒದಗಿಸತಕ್ಕದ್ದು’ ಎಂದು ತಿದ್ದಿದ್ದೇನೆ.

ಈಗ ನನ್ನ ಕೇಳಿಕೆ. ‘ವಾಟ’ ಮೈಸೂರು, ಮಂಗಳೂರು, ಕಲಬುರಗಿ ಕಡೆಗಳಲ್ಲಿ ಇದೇ ಅರ್ಥದಲ್ಲಿ ಇದೆಯೇ, ಬೇರೆ ಉಚ್ಚಾರ ಇದೆಯೇ? ಎತ್ತಿನಗಾಡಿಯನ್ನು ಕಟ್ಟೆಗೆ ಹತ್ತಿಸಲು, ಲಾರಿಗೆ ಮೂಟೆ ಏರಿಸಲು ಮಾಡುವ ಓರೆಗೆ ನಿಮ್ಮೂರಲ್ಲಿ ಏನೆನ್ನುತ್ತಾರೆ? ಅದರಲ್ಲಿ ಹತ್ತುವ ಅರ್ಥವಿರುವ ಪದ ಸಿಕ್ಕರೆ ನನ್ನ ‘ಮೆಟ್ಟಿಲಿಲ್ಲದ ದಾರಿ’ಯನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ. ದಯವಿಟ್ಟು ನಿಘಂಟಿಗಿಂತ ಮೊದಲು ನಿಮ್ಮ ಊರಿನ ಗೌಂಡಿಯನ್ನೋ ಹಮಾಲರನ್ನೋ ಕೇಳಿ ಬರೆಯಿರಿ.

ವಂದನೆಗಳೊಂದಿಗೆ,
ನಿಟ್ಟುವಳ್ಳಿ, ದಾವಣಗೆರೆ