ಉಸಿರಾಟದ ಸೋಂಕಿಗೆ ದಾಖಲಾದವರ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದೇಕೆ?

ಪ್ರಶ್ನೆ:
ಕೋವಿಡ್ ನ್ಯುಮೋನಿಯಾಕ್ಕಾಗಿ ದಾಖಲಾಗಿದ್ದ ನಮ್ಮ ಚಿಕ್ಕಪ್ಪನವರಿಗೆ ದಿನವೂ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಚುಚ್ಚುಮದ್ದು ಕೊಡುತ್ತಿದ್ದರೂ ಕಾಲಿನ ಅಪಧಮನಿಯಲ್ಲಿ (ಹೃದಯದಿಂದ ರಕ್ತ ಒಯ್ಯುವ ನಾಳ) ರಕ್ತ ಹೆಪ್ಪುಗಟ್ಟಿ ತುರ್ತು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಹಾಸಿಗೆ ಹಿಡಿದವರ ಅಭಿಧಮನಿಯಲ್ಲಿ (ಹೃದಯಕ್ಕೆ ರಕ್ತ ಮರಳಿಸುವ ನಾಳ) ಹೀಗಾಗುವುದನ್ನು ಕೇಳಿದ್ದೇನೆ. ಶ್ವಾಸಕೋಶದ ಸೋಂಕು ಅಪಧಮನಿಯವರೆಗೆ ಹೋಗುವುದು ಹೇಗೆ? ಆಸ್ಪಿರಿನ್ ಕೂಡ ಕೊಟ್ಟಿದ್ದರೆ ಇದು ತಪ್ಪುತ್ತಿತ್ತೇ?

ಉತ್ತರ 1:
ಅಭಿಧಮನಿಯಲ್ಲಿ ಹೆಪ್ಪುಗಟ್ಟುವುದೇ ಹೆಚ್ಚು ಸಾಮಾನ್ಯ. ಅಲ್ಲಿ ರಕ್ತದ ಹರಿವು ಮಂದವಾಗುವುದು ದೊಡ್ಡ ಕಾರಣ. ಅಪಧಮನಿಯಲ್ಲಿ ರಕ್ತ ರಭಸದಿಂದ ಹರಿಯುವುದರಿಂದ, ಅಲ್ಲಿ ಹೆಪ್ಪುಗಟ್ಟಬೇಕಾದರೆ ಬಹುಮಟ್ಟಿಗೆ ನಾಳದ ಒಳಪದರಕ್ಕೇ ಪೆಟ್ಟು ಬಿದ್ದಿರಬೇಕು. ತೀವ್ರ ಸೋಂಕಿನಲ್ಲಿ ದೇಹದಾದ್ಯಂತ ಹಬ್ಬುವ ಉರಿಯೂತದಿಂದ ಒಳಪದರದ ಕೋಶಗಳು ಕೆರಳಿ ವಾನ್ ವಿಲ್ಲೆಬ್ರಾಂಡ್ ಅಂಶ ಎಂಬ ಅಂಟಿನಂಥ ಪ್ರೋಟೀನನ್ನು ಹೇರಳವಾಗಿ ಹೊರಬಿಡುತ್ತವೆ, ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸುವ ಪುಟ್ಟ ರಕ್ತಕಣಗಳು) ಅದಕ್ಕೆ ಅಂಟಿಕೊಳ್ಳುತ್ತವೆ, ಯಕೃತ್ತು ಹೆಪ್ಪಿನ ಎಳೆಗಳಾಗುವ ಫೈಬ್ರಿನೋಜೆನ್ ಪ್ರೋಟೀನಿನ ಉತ್ಪಾದನೆಯನ್ನು ಏರಿಸುತ್ತದೆ. ನಾಳದಲ್ಲಿ ಮೊದಲೇ ಕೊಬ್ಬು ಕಟ್ಟಿದ್ದರೆ ಆ ಕೊಬ್ಬಿನ ಪದರ ಬಿರಿಯಲೂಬಹುದು. ಇದು ಕೋವಿಡ್‌ಗೆ ಮಾತ್ರ ಸೀಮಿತವಲ್ಲ: ಕೆನಡಾದ ಒಂಟಾರಿಯೋ ಪ್ರಾಂತ್ಯದ ದತ್ತಾಂಶ ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇನ್‌ಫ್ಲುಯೆಂಜಾ ದೃಢಪಟ್ಟ ನಂತರದ 7 ದಿನಗಳಲ್ಲಿ ಹೃದಯಾಘಾತದ ಸಂಭವ ಸುಮಾರು 6 ಪಟ್ಟು ಹೆಚ್ಚಿತ್ತು.

ಉತ್ತರ 2:
ಆಸ್ಪಿರಿನ್ ಕುರಿತು ಹೇಳುವುದಾದರೆ, ಪ್ಲೇಟ್‌ಲೆಟ್‌ಗಳನ್ನು ತಡೆದರೆ ಸಾಕೆಂಬ ತರ್ಕ ಎಷ್ಟೇ ಸೊಗಸಾಗಿದ್ದರೂ, ಬ್ರಿಟನ್ನಿನ ನೇತೃತ್ವದ ರಿಕವರಿ ಪ್ರಯೋಗದಲ್ಲಿ ಸುಮಾರು 15,000 ಕೋವಿಡ್ ಒಳರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದಾಗ ಸಾವಿನ ಪ್ರಮಾಣ ಇಳಿಯಲಿಲ್ಲ. ಚಿಕಿತ್ಸೆ ಪಡೆದ ಪ್ರತಿ 1,000 ಜನರಲ್ಲಿ ಹೆಪ್ಪುಗಟ್ಟುವ ಪ್ರಕರಣಗಳು ಸುಮಾರು 6 ಕಡಿಮೆಯಾದವು, ತೀವ್ರ ರಕ್ತಸ್ರಾವದ ಪ್ರಕರಣಗಳು ಹೆಚ್ಚುಕಡಿಮೆ ಅಷ್ಟೇ ಹೆಚ್ಚಿದವು. ಹೆಪಾರಿನ್ ಪ್ರಮಾಣ ಏರಿಸುವುದೂ ಸರಳವಲ್ಲ. 2021ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಪೂರ್ಣ ಪ್ರಮಾಣದ ಹೆಪಾರಿನ್ ಸಾಮಾನ್ಯ ವಾರ್ಡಿನ ರೋಗಿಗಳಿಗೆ ನೆರವಾಯಿತೇ ಹೊರತು ತೀವ್ರ ನಿಗಾ ಘಟಕದವರಿಗೆ ನೆರವಾಗಲಿಲ್ಲ. ಆದ್ದರಿಂದ ನಿಮ್ಮ ಚಿಕ್ಕಪ್ಪನವರಿಗೆ ಔಷಧ ಸಾಲದಾಯಿತೆಂದು ಇಲ್ಲಿ ಕುಳಿತು ತೀರ್ಮಾನಿಸುವುದು ನ್ಯಾಯವಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಡಿ-ಡೈಮರ್ (ಹೆಪ್ಪು ಕರಗುವಾಗ ರಕ್ತದಲ್ಲಿ ಸೇರುವ ಚೂರುಗಳನ್ನು ಅಳೆಯುವ) ಪರೀಕ್ಷೆಯಿಂದ ಇದನ್ನು ಮೊದಲೇ ಕಂಡುಹಿಡಿಯಬಹುದಿತ್ತೇ?

ಉತ್ತರ 3:
ಡಿ-ಡೈಮರ್ ಏರಿದರೆ ಅಪಾಯ ಹೆಚ್ಚಿದೆ ಎನ್ನಬಹುದು, ಆದರೆ ಹೆಪ್ಪು ಎಲ್ಲಿದೆಯೆಂದು ಅದು ತಿಳಿಸುವುದಿಲ್ಲ. ಬರೀ ಉರಿಯೂತವಿದ್ದರೂ ಅದು ಏರುತ್ತದೆ. ಕಾಲು ಹಠಾತ್ತನೆ ನೋಯುವುದು, ಬಿಳಿಚುವುದು, ತಣ್ಣಗಾಗುವುದು, ಜೋಮು ಹಿಡಿಯುವುದು, ನಾಡಿ ಸಿಗದಿರುವುದು ಇವೇ ಮುಖ್ಯ ಸೂಚನೆಗಳು, ಮತ್ತು ರಕ್ತ ಪೂರ್ತಿ ನಿಂತ ಅಂಗವನ್ನು ಉಳಿಸಿಕೊಳ್ಳಲು ಸಾಮಾನ್ಯವಾಗಿ 6 ಗಂಟೆಗಳ ಆಸುಪಾಸಿನ ಕಾಲಾವಕಾಶವಷ್ಟೇ ಇರುತ್ತದೆ. ವೆಂಟಿಲೇಟರಿನಲ್ಲಿ ಮಂಪರಿನಲ್ಲಿರುವವರು ನೋವನ್ನು ಹೇಳಲಾರರು. ಅಂಥವರ ಎರಡೂ ಪಾದಗಳನ್ನು ಮುಟ್ಟಿ ನಾಡಿ ನೋಡುತ್ತಿರಬೇಕು, ಸಂಶಯ ಬಂದೊಡನೆ ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ಅಥವಾ ಸಿ.ಟಿ. ಆಂಜಿಯೋಗ್ರಾಮ್ (ರಕ್ತನಾಳಗಳ ಸಿ.ಟಿ. ಸ್ಕ್ಯಾನ್) ಮಾಡಿಸಬೇಕು.