ಮೂಲ-ಸ್ಲಾವಿಕ್ *ಸುಖು (ಒಣ) ಮತ್ತು ನಮ್ಮ ‘ಶುಷ್ಕ’

ಪ್ರಶ್ನೆ: ರಷ್ಯನ್ ‘ಸುಖೋಯ್’, ಪೋಲಿಷ್ ‘ಸುಖಿ’, ಎರಡಕ್ಕೂ ‘ಒಣಗಿದ’ ಎಂದೇ ಅರ್ಥ. ಇವುಗಳ ಮೂಲರೂಪವೂ (ಸ್ಲಾವಿಕ್ ಭಾಷೆಗಳ ಪೂರ್ವಜವಾದ ಮೂಲ-ಸ್ಲಾವಿಕ್‌ನ *ಸುಖು; ನಕ್ಷತ್ರ ಚಿಹ್ನೆ ಎಂದರೆ ಬರಹದಲ್ಲಿ ಸಿಗದ, ಊಹಿಸಿ ಕಟ್ಟಿದ ರೂಪ) ಸಂಸ್ಕೃತದ ‘ಶುಷ್ಕ’ವೂ ಒಂದೇ ಪದವೇ? ಹಾಗಿದ್ದರೆ ಖಕಾರ ಎಲ್ಲಿಂದ ಬಂತು?

ಉತ್ತರ 1: ಧಾತು ಒಂದೇ, ಪದರಚನೆ ಬೇರೆ. ಸ್ಲಾವಿಕ್ ರೂಪ ಬಂದದ್ದು *ಸೌಸ- ಎಂಬುದರಿಂದ. ಸ್ಲಾವಿಕ್‌ಗೆ ಹತ್ತಿರದ ನಂಟಿನ ಲಿಥುವೇನಿಯನ್ ಭಾಷೆಯ ‘ಸೌಸಸ್’ (ಒಣ) ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ. ಸ್ಲಾವಿಕ್‌ನಲ್ಲಿ ರ, ಉ, ಕ, ಇ ಆದಮೇಲೆ ಬರುವ ಸಕಾರ, ಮುಂದೆ ಸ್ಪರ್ಶವ್ಯಂಜನ (ಕ, ತ, ಪದಂಥದು) ಇಲ್ಲದಿದ್ದರೆ, ಗಂಟಲಲ್ಲಿ ಉಜ್ಜುವ ‘ಖ’ ಆಗುತ್ತದೆ. ಇದೇ ‘ರುಕಿ’ ನಿಯಮ. ‘ಔ’ ಉಕಾರದಲ್ಲೇ ಮುಗಿಯುವುದರಿಂದ ಎರಡನೇ ಸಕಾರ ‘ಖ’ ಆಯಿತು; ‘ಔ’ ಕುಗ್ಗಿ ‘ಉ’ ಆಯಿತು. ಪದಾದಿಯ ಸಕಾರದ ಹಿಂದೆ ಏನೂ ಇಲ್ಲವಲ್ಲ, ಅದು ಉಳಿಯಿತು.

ಉತ್ತರ 2: ಸಂಸ್ಕೃತದ ಕಡೆಯೂ ನೋಡಿ. ಅಲ್ಲಿ ಧಾತುಸ್ವರ ಬರೀ ‘ಉ’, ಜೊತೆಗೆ ‘-ಕ’ ಪ್ರತ್ಯಯ. ಮೊದಲಿನ ಶಕಾರ ಮೂಲದ್ದಲ್ಲ, ಮುಂದಿನ ಷಕಾರದ ಎಳೆತಕ್ಕೆ ಸಿಕ್ಕಿ ಬದಲಾದದ್ದು. ಅವೆಸ್ತಾದ (ಸಂಸ್ಕೃತದ ನಂಟಿನ ಹಳೆಯ ಇರಾನಿ ಭಾಷೆ) ‘ಹುಷ್ಕ’ ಸಾಕ್ಷಿ: ಅಲ್ಲಿನ ಹಕಾರ ಹಳೆಯ ಸಕಾರದಿಂದ ಮಾತ್ರ ಬರಲು ಸಾಧ್ಯ.

ಉತ್ತರ 3: ಎಡವುವ ಜಾಗ ಒಂದಿದೆ. ರಷ್ಯನ್ ‘ಸುಶಿತ್’ (ಒಣಗಿಸು) ಕಂಡೊಡನೆ ‘ಶುಷ್ಕದ ಷಕಾರ ಸಿಕ್ಕಿತು’ ಅನ್ನಬೇಡಿ. ಅದು ಇಕಾರದ ಮುಂದೆ ‘ಖ’ ತಾಲವ್ಯವಾದ ಫಲ, ಸ್ಲಾವಿಕ್‌ನ ಒಳಗಿನ ಬೆಳವಣಿಗೆ. ‘ಶುಷ್ಕ’ದಲ್ಲಿರುವಂಥ ಬರೀ ‘ಉ’ ಧಾತುಸ್ವರ ಬೇಕಿದ್ದರೆ ರಷ್ಯನ್ ‘ಸೋಖ್ನುತ್’ (ಒಣಗು) ಕ್ರಿಯಾಪದದಲ್ಲಿ ಹುಡುಕಿ. ಅಲ್ಲಿನ ‘ಒ’ ಹಿಂದಿನ ಹ್ರಸ್ವ ಉಕಾರ. ಮತ್ತೆ, ನಮ್ಮ ‘ಸುಖ’ಕ್ಕೂ ಇದಕ್ಕೂ ಯಾವ ನಂಟೂ ಇಲ್ಲ!