ಮಗಳು ರಜೆಗೆ ಬಂದಿದ್ದಾಳೆ, ರೂಮಿನಿಂದ ಹೊರಗೆ ಬರುತ್ತಿಲ್ಲ

ಮುಳುಗಡೆ ಮನೆ (ಬಾಗಲಕೋಟೆ, ಈಗ ನ್ಯೂಜೆರ್ಸಿ)

ನಮಸ್ಕಾರ ರೀ ಗುಂಪಿನ ಎಲ್ಲರಿಗೂ. ಹೆಸರು ಹಾಕದೆ ಬರೆಯುತ್ತಿದ್ದೇನೆ. ಯಾರಿಗಾದರೂ ಗುರುತು ಸಿಕ್ಕರೆ ದಯವಿಟ್ಟು ಸುಮ್ಮನಿರಿ.

ಮಗಳಿಗೆ 20. ಕಾಲೇಜಿನಲ್ಲಿ ಎರಡನೇ ವರ್ಷ, ಮನೆಯಿಂದ ಐದು ಗಂಟೆಯ ದಾರಿ. ಡಿಸೆಂಬರ್ ರಜೆಗೆ ಬಂದಿದ್ದಾಳೆ. ಮಧ್ಯಾಹ್ನದವರೆಗೆ ಮಲಗಿರುತ್ತಾಳೆ. ಎಣಗಾಯಿ ಅಂದರೆ ಪ್ರಾಣ ಬಿಡುತ್ತಿದ್ದ ಹುಡುಗಿ, ಈಗ ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಬಿಡುತ್ತಾಳೆ. ಮೂರನೇ ರಾತ್ರಿ ಪಕ್ಕದಲ್ಲಿ ಕೂತು ಕೇಳಿದೆ. ಮೊದಲು ಏನಿಲ್ಲ ಅಂದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. ಆ್ಯಪ್‌ನಲ್ಲಿ ಪರಿಚಯವಾದ ಹುಡುಗ. ಎರಡು ತಿಂಗಳು ಅವನ ರೂಮಿಗೆ ಹೋಗಿ ಬಂದಿದ್ದಾಳೆ. ಹುಕಪ್ ಅಂತಾರಲ್ಲ, ಅದೇ. ಪ್ರೀತಿ ಗೀತಿ ಏನೂ ಬೇಡ ಅಂತ ಮೊದಲೇ ಮಾತಾಗಿತ್ತಂತೆ. ಈಗ ಅವನು ಮೆಸೇಜಿಗೆ ಉತ್ತರ ಕೊಡುವುದಿಲ್ಲ. "ಬಿಟ್ಟುಹೋದ ಅಂತ ಅಳೋದಕ್ಕೂ ನನಗೆ ಹಕ್ಕಿಲ್ಲ ಮಮ್ಮಿ, ಅವನು ನನ್ನವನೇ ಆಗಿರಲಿಲ್ಲ" ಅಂದಳು.

ಸರಿಯೋ ತಪ್ಪೋ ಅಂತ ನಿಮ್ಮನ್ನು ಕೇಳುತ್ತಿಲ್ಲ. ಆ ಜಗಳ ನನ್ನೊಳಗೇ ನಡೆದಿದೆ. ನನ್ನದು ಎರಡೇ ಪ್ರಶ್ನೆ. ಇದು ತಾನಾಗಿ ಹೋಗುವ ಬೇಸರವೋ, ಡಾಕ್ಟರ್‌ಗೆ ತೋರಿಸಬೇಕಾದ್ದೋ? ಕಾಲೇಜಿಗೆ ನಾನು ಫೋನ್ ಮಾಡಬಹುದಾ? ಅವರಪ್ಪನಿಗೆ ಗೊತ್ತಿಲ್ಲ. ಸಂಕ್ರಾಂತಿ ಮುಗಿದ ಮೇಲೆ ಕಾಲೇಜು ಶುರು.

ಅಮೀನಗಡ ಕರದಂಟು (ಸಿಯಾಟಲ್)

ಅಯ್ಯೋ ಅಕ್ಕಾರ, ಮನಸ್ಸಿಗೆ ಬಹಳ ಕೆಟ್ಟದೆನಿಸಿತು. ಕಾಲವೇ ಮದ್ದು. ಬಿಸಿಬಿಸಿ ಶೇಂಗಾ ಹೋಳಿಗೆ ಮಾಡಿ ಕೊಡಿ.

ಟಿಳಕವಾಡಿ 1997 (ಬೆಳಗಾವಿ, ಈಗ ಡಲ್ಲಾಸ್)

ಕಠೋರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ತಂಗಿ. ನಾನು 1997ರಲ್ಲಿ ಎರಡು ಸೂಟ್‌ಕೇಸ್, ಒಂದು ಕುಕ್ಕರ್ ಹಿಡಿದು ಬಂದವನು. ಅವತ್ತಿನಿಂದ ಒಂದೇ ಮಾತು ಹೇಳುತ್ತಿದ್ದೇನೆ. ಮಕ್ಕಳಿಗೆ ಹನ್ನೆರಡು ತುಂಬುವುದರೊಳಗೆ ಊರಿಗೆ ವಾಪಸ್ ಹೋಗಬೇಕು. ಆಗದಿದ್ದರೆ ಮನೆಯಲ್ಲಿ ಕನ್ನಡ, ದಿನಕ್ಕೊಂದು ವಚನ. ನನ್ನ ಇಬ್ಬರೂ ಹುಡುಗರು ಕಾಲೇಜು ಮುಗಿಯುವವರೆಗೆ ಮನೆಯಲ್ಲೇ ಇದ್ದರು. ಒಬ್ಬನಿಗೆ ಮದುವೆ ಆಯಿತು, ಹುಡುಗಿ ಹುಬ್ಬಳ್ಳಿಯವಳು. ಹಾಸ್ಟೆಲಿಗೆ ಕಳಿಸಿದ ದಿನವೇ ಮಗು ಕೈಬಿಟ್ಟಿತು ಅಂತ ತಿಳಿಯಿರಿ. ಬೇರು ಗಟ್ಟಿ ಇದ್ದರೆ ಗಾಳಿಗೆ ಬೀಳಲ್ಲ.

ವಿಜಾಪುರ ಗುಮ್ಮಟ (ಶಿಕಾಗೋ)

ಅಕ್ಕಾ, ಕಾಲೇಜಿನ ಹೆಲ್ತ್ ಸೆಂಟರಿನಲ್ಲಿ ಒಂಬತ್ತು ವರ್ಷದಿಂದ ನರ್ಸ್ ಆಗಿದ್ದೇನೆ. ನಿಮ್ಮ ಪ್ರಶ್ನೆಗಷ್ಟೇ ಉತ್ತರ ಕೊಡುತ್ತೇನೆ.

ಊಟ, ನಿದ್ದೆ, ಓದು, ಗೆಳತಿಯರು, ಇವು ಎರಡು ವಾರ ಕಳೆದರೂ ದಾರಿಗೆ ಬರದಿದ್ದರೆ ಕಾಯಬೇಡಿ, ತೋರಿಸಿ. "ಇದ್ದು ಏನು ಮಾಡಲಿ" ಅನ್ನುವಂಥ ಮಾತು ಬಂದರೆ ಎರಡು ವಾರದ ಲೆಕ್ಕವೂ ಬೇಡ, ಅದೇ ಗಳಿಗೆ ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಫೋನ್ ಇಲ್ಲವೇ ಮೆಸೇಜ್ ಮಾಡಿ. 2022ರ ಜುಲೈಯಿಂದ ಅಮೆರಿಕದಲ್ಲಿ ಎಲ್ಲ ಕಡೆ ಈ ನಂಬರ್ ಇದೆ.

ಕಾಲೇಜಿಗೆ ಫೋನ್ ಮಾಡಬಹುದು. ನೀವು ಹೇಳಿದ್ದನ್ನು ಅವರು ಕೇಳಿಸಿಕೊಳ್ಳುತ್ತಾರೆ, ಅವಳ ವಿಷಯ ಸಾಮಾನ್ಯವಾಗಿ ನಿಮಗೆ ಹೇಳಲ್ಲ. ಫರ್ಪಾ ಅಂತ 1974ರ ಕಾನೂನು ಇದೆ, ಕಾಲೇಜಿನ ದಾಖಲೆಯ ಹಕ್ಕು ಅವಳದೇ. ಆಸ್ಪತ್ರೆಯ ಕಾಗದವೂ 18 ದಾಟಿದ ಮೇಲೆ ಹಾಗೇ. ಅದಕ್ಕೇ ಅವಳಿಗೆ ಗೊತ್ತಿಲ್ಲದಂತೆ ಫೋನ್ ಮಾಡಬೇಡಿ. ಪಕ್ಕದಲ್ಲಿ ಕೂತು ಅವಳಿಂದಲೇ ಅಪಾಯಿಂಟ್‌ಮೆಂಟ್ ಹಾಕಿಸಿ.

ಇನ್ನೊಂದು ಮಾತು ಮೆತ್ತಗೆ ಕೇಳಿ, ಒಂದೇ ಸಲ ಕೇಳಿ. ಎಲ್ಲವೂ ಅವಳ ಮನಸ್ಸಿನಿಂದಲೇ ಆಗಿತ್ತಾ? ಕುಡಿಸಿ, ಒತ್ತಾಯ ಮಾಡಿ ಆಗಿದ್ದರೆ ಅದು ಬೇರೆಯೇ ವಿಷಯ. ದೂರು ಕೊಡಲು ಕಾಲೇಜಿನಲ್ಲಿ ಟೈಟಲ್ ನೈನ್ ಅಂತ ಕಚೇರಿ ಇರುತ್ತದೆ. ಕೊಡಬೇಕೋ ಬೇಡವೋ ಅವಳೇ ಹೇಳಲಿ.

ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 528 ವಿದ್ಯಾರ್ಥಿಗಳನ್ನು ಒಂದು ಶೈಕ್ಷಣಿಕ ವರ್ಷ ನೋಡಿ ಹುಕಪ್ ಬಗ್ಗೆ ಬರೆದ ಅಧ್ಯಯನ ಇದೆ, 2015ರಲ್ಲಿ ಅಚ್ಚಾಯಿತು. ತನಗೇ ಬೇಕು ಅಂತ ಹೋದವರ ಮನಸ್ಥಿತಿಗೂ, ಹೋಗದೇ ಇದ್ದವರ ಮನಸ್ಥಿತಿಗೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕುಡಿದ ಮಂಪರಿನಲ್ಲಿ, ಸೇಡಿಗೆ, ಅಥವಾ ಹೀಗಾದರೂ ಪ್ರೀತಿ ಹುಟ್ಟೀತು ಅನ್ನೋ ಆಸೆಯಿಂದ ಹೋದವರಲ್ಲಿ ಖಿನ್ನತೆ, ಆತಂಕ ಜಾಸ್ತಿ ಇತ್ತು. ನಿಮ್ಮ ಮಗಳ ಮಾತು ಓದಿದರೆ ಆ ಕೊನೆಯ ಆಸೆ ನನಗೆ ಕಾಣುತ್ತಿದೆ. ತಪ್ಪಿರಬಹುದು.

ಲೈಂಗಿಕ ಸೋಂಕಿನ ಪರೀಕ್ಷೆ ಮಾಡಿಸಿ. ಎಚ್‌ಪಿವಿ ಲಸಿಕೆ (ಗರ್ಭಕಂಠದ ಕ್ಯಾನ್ಸರ್ ತಡೆಯುವುದು) ಆಗದಿದ್ದರೆ 26 ವರ್ಷದವರೆಗೆ ಹಾಕಿಸಬಹುದು.

ಇಂಡಿ ಲಿಂಬಿ (ಲಂಡನ್)

ಡಲ್ಲಾಸ್ ಅಣ್ಣಾರ, ಕುಕ್ಕರ್ ಕತೆ ಮತ್ತೆ ಬಂತಲ್ಲ! ಹುಡುಗರು ಮನೆಯಲ್ಲೇ ಇದ್ದರು ಅಂದಿರಿ. ಮನೆಯಲ್ಲಿದ್ದವರು ಏನು ಮಾಡಿದರು ಅಂತ ನಿಮಗೆ ಗೊತ್ತಾ? ನನ್ನ ಮಗನೂ ಮನೆಯಲ್ಲೇ ಇದ್ದ. ನಕ್ಕೊಂಡೇ ಇದ್ದ. 22ಕ್ಕೆ ಒಂದು ದಿನ ಅಡುಗೆಮನೆಯಲ್ಲಿ ನಿಂತು ಗಳಗಳ ಅತ್ತ. "ಹೆಸರು ನೆನಪಿಲ್ಲದ ಹುಡುಗಿಯರಿದ್ದಾರೆ ಅವ್ವಾ, ಅವರಿಗೂ ನನ್ನ ಹೆಸರು ನೆನಪಿರಲ್ಲ" ಅಂದ. ಗೆಳೆಯರ ಮುಂದೆ ಅದೇ ಮಾತು ಜಂಬ ಆಗಿತ್ತು. ಗಂಡುಹುಡುಗರು ಕೊಡವಿಕೊಂಡು ಎದ್ದು ಹೋಗ್ತಾರೆ ಅಂತೀವಿ. ಸುಳ್ಳು.

ಟಿಳಕವಾಡಿ 1997

ನೋಡಿದಿರಾ, ನಾನು ಹೇಳಿದ್ದೇ ಬಂತು. ಈ ದೇಶದ ಗಾಳಿಯೇ ಹೀಗೆ. ಬೆಳಗಾವಿಯಲ್ಲಿ ಇದ್ದಿದ್ದರೆ ಆಗುತ್ತಿತ್ತಾ?

ಘಟಪ್ರಭಾ ದಂಡೆ (ಗೋಕಾಕ್, ಈಗ ಟೊರೊಂಟೊ)

ಆಗುತ್ತಿತ್ತು ಸರ್. ಆಗಿದೆ.

ಬೆಳಗಾವಿಯಲ್ಲೇ ಉದ್ಯಮಬಾಗದ ಕಡೆ ಇಂಜಿನಿಯರಿಂಗ್ ಓದುತ್ತಿದ್ದೆ. ಆಗ ಆ್ಯಪ್ ಇರಲಿಲ್ಲ, ಎಸ್‌ಟಿಡಿ ಬೂತ್ ಇತ್ತು. ಒಬ್ಬ ಹುಡುಗಿ. ಗೆಳೆಯನ ರೂಮಿನ ಕೀಲಿ ನನ್ನ ಜೇಬಿನಲ್ಲಿರುತ್ತಿತ್ತು. ನಮ್ಮ ನಡುವೆ ಏನೂ ಇಲ್ಲ ಅಂತ ಅವಳಿಗೆ ನಾನೇ ಹೇಳಿದ್ದೆ, ಹೇಳಿದ್ದೇ ಪ್ರಾಮಾಣಿಕತೆ ಅಂದುಕೊಂಡಿದ್ದೆ. ಒಂದು ಸಂಜೆ ಅಲ್ಲಿನ ಕ್ಯಾಂಪ್ ಬಡಾವಣೆಯ ಬೇಕರಿ ಮುಂದೆ ಅವಳು ನಿಂತಿದ್ದಳು. ನನ್ನ ಜೊತೆ ನಾಲ್ಕು ಜನ ಗೆಳೆಯರು. ಪರಿಚಯವೇ ಇಲ್ಲದವನ ಹಾಗೆ ದಾಟಿ ಹೋದೆ. ಅವಳು ಕೈ ಎತ್ತಿದ್ದಳು. ಅರ್ಧ ಎತ್ತಿದ ಕೈಯಿಂದ ಕೂದಲು ಸರಿಮಾಡಿಕೊಂಡಳು. ಇಪ್ಪತ್ತು ವರ್ಷದ ಮೇಲಾಯಿತು, ಆ ಕೈ ಕಣ್ಣಿಗೆ ಕಟ್ಟಿದ ಹಾಗಿದೆ. ನನಗೀಗ ಇಬ್ಬರು ಹೆಣ್ಣುಮಕ್ಕಳು.

ನಿಮ್ಮ ಪ್ರಶ್ನೆಗೆ ಇದು ಉತ್ತರ ಅಲ್ಲ ಅಕ್ಕಾರ, ಗೊತ್ತು. ಬರೆದುಬಿಟ್ಟೆ.

ಟಿಳಕವಾಡಿ 1997

ಇಂಥದ್ದನ್ನು ಗುಂಪಿನಲ್ಲಿ ಬರೆಯೋದಾ? ಮಕ್ಕಳೂ ಓದುತ್ತಾರೆ.

ಇಳಕಲ್ ಮೊಮ್ಮಗಳು (ಬಾಸ್ಟನ್)

ನಾನು ಆ ಮಕ್ಕಳಲ್ಲೇ ಒಬ್ಬಳು ಅಂಕಲ್, 26 ವರ್ಷ. ಇಲ್ಲೇ ಹುಟ್ಟಿದ್ದು. ಕನ್ನಡ ಅಜ್ಜಿ ಕಲಿಸಿದ್ದು, ತಪ್ಪಿದ್ದರೆ ಕ್ಷಮಿಸಿ.

ಆಂಟಿ, ಕಾಲೇಜಿನಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ನಿಯಮ ಇದೆ. ಮೊದಲು ಯಾರು ಪ್ರೀತಿ ತೋರಿಸುತ್ತಾರೋ ಅವರು ಸೋತಂತೆ. ಮೆಸೇಜಿಗೆ ಬೇಗ ಉತ್ತರ ಕೊಡಬಾರದು. ಬೆಳಿಗ್ಗೆ ಕ್ಲಾಸಿನಲ್ಲಿ ಸಿಕ್ಕರೆ ಜಾಸ್ತಿ ನಗಬಾರದು. ನನಗೆ ನೋವು ಕೊಟ್ಟಿದ್ದು ಆ ರಾತ್ರಿ ಅಲ್ಲ, ಏನೂ ಅನ್ನಿಸಲಿಲ್ಲ ಅಂತ ಆಮೇಲೆ ನಟಿಸಬೇಕಾಗಿದ್ದು. ಗೆಳತಿಯರ ಮುಂದೆ ನಟನೆ, ಮನೆಗೆ ಬಂದರೆ ಅಮ್ಮನ ಮುಂದೆ ಬೇರೆ ನಟನೆ. ನಿಮ್ಮ ಮಗಳು ನಿಮ್ಮ ಮುಂದೆ ಅದನ್ನು ಬಿಟ್ಟಿದ್ದಾಳೆ. ನನಗೆ ಅಷ್ಟು ಧೈರ್ಯ ಇರಲಿಲ್ಲ. ನಮ್ಮಮ್ಮ ಒಳ್ಳೆಯವರು, ಆದರೆ ಹೇಳಿದ್ದರೆ ಮೊದಲು ಅಜ್ಜಿಗೆ ಫೋನ್ ಹೋಗುತ್ತಿತ್ತು.

ಅಂಕಲ್, ಎಲ್ಲರೂ ಹೀಗೇ ಅಂತ ದಯವಿಟ್ಟು ತಿಳಿಯಬೇಡಿ. ಸಿಡಿಸಿ (ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ) ಸಮೀಕ್ಷೆ ಪ್ರಕಾರ ಇಲ್ಲಿನ ಹೈಸ್ಕೂಲ್ ಮಕ್ಕಳಲ್ಲಿ ಲೈಂಗಿಕ ಅನುಭವ ಆದವರು 2013ರಲ್ಲಿ ನೂರಕ್ಕೆ 47, 2021ರಲ್ಲಿ 30. ಕಡಿಮೆಯಾಗಿದೆ.

ಟಿಳಕವಾಡಿ 1997

ಅಂಕಿ ಹಿಡಿದು ಮನೆತನ ನಡೆಯಲ್ಲಮ್ಮ. ಬೇರು ಅಂದೆ ನಾನು, ಬೇರು.

ಮುಳುಗಡೆ ಮನೆ

ಅಣ್ಣಾರ, ಅವಳಿಗೆ ನಲವತ್ತು ವಚನ ಬಾಯಿಪಾಠ ಇವೆ. ಕೂಡಲಸಂಗಮಕ್ಕೆ ಹೋದಾಗೆಲ್ಲ ಹೇಳಿಸಿದ್ದೇನೆ. ಬೇರಿನ ಮಾತು ಬೇಡ. ನಮ್ಮ ಮನೆ, ಅಂಗಳದ ಬೇವಿನ ಮರ ಎರಡೂ ಆಲಮಟ್ಟಿ ಹಿನ್ನೀರಿನಲ್ಲಿ ಹೋದವು. ಬೇರು ಗಟ್ಟಿಯೇ ಇತ್ತು.

ಅಮೀನಗಡ ಕರದಂಟು

ಊರಿಗೆ ವಾಪಸ್ ಅಂದಿರಲ್ಲ, ನಾವೂ ಯೋಚನೆ ಮಾಡುತ್ತಿದ್ದೇವೆ. ಮಗ ಐದನೇ ಕ್ಲಾಸು. ಬೆಳಗಾವಿಯಲ್ಲಿ ಸಿಬಿಎಸ್‌ಇ ಶಾಲೆಗೆ ವರ್ಷದ ಮಧ್ಯೆ ಸೀಟು ಕೊಡುತ್ತಾರಾ?

ಟಿಳಕವಾಡಿ 1997

ಕೊಡುತ್ತಾರೆ. ಕ್ಯಾಂಪಿನ ಕಡೆ ನೋಡಿ. ಬಾಡಿಗೆ ಮಾತ್ರ ಈಗ ಜಾಸ್ತಿ. ನನಗೆ ಪ್ರತ್ಯೇಕ ಮೆಸೇಜ್ ಮಾಡಿ.

(ಇಲ್ಲಿಂದ ಮುಂದೆ ಬಾಡಿಗೆ, ಕುಂದಾ ಯಾವ ಅಂಗಡಿಯದು ಒಳ್ಳೆಯದು, ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬೆಂಗಳೂರು ಮೇಲೆ ಬರುವುದೋ ಹೈದರಾಬಾದ್ ಮೇಲೋ ಅಂತ 31 ಉತ್ತರಗಳು.)

ಮುಳುಗಡೆ ಮನೆ

ಗುಮ್ಮಟ ಅವರೇ, ನಿಮ್ಮ ಉತ್ತರ ಮೊನ್ನೆ ಪೂರ್ತಿ ಓದಿದೆ. ಬಾಡಿಗೆ ಮಾತಿನ ಗದ್ದಲದಲ್ಲಿ ಎಲ್ಲೋ ಮೇಲೆ ಸೇರಿಹೋಗಿತ್ತು. ನಿನ್ನೆ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಎದುರಾಬದುರು ಕೂತರೆ ನನಗೇ ಮಾತು ಬರಲ್ಲ, ಕಾರಿನಲ್ಲಿ ಇಬ್ಬರೂ ಮುಂದಿನ ರಸ್ತೆ ನೋಡುತ್ತೇವೆ ನೋಡಿ. ಒತ್ತಾಯ ಇರಲಿಲ್ಲ ಅಂದಳು. "ನೀನು ಅತ್ತರೆ ತಪ್ಪಲ್ಲ, ಅವನು ಯಾರೇ ಆಗಿರಲಿ" ಅಂದೆ. ಪೆಟ್ರೋಲ್ ಬಂಕಿನಲ್ಲಿ ಅರ್ಧ ಗಂಟೆ ಅತ್ತಳು. ರಾತ್ರಿ ತಾನೇ ಲ್ಯಾಪ್‌ಟಾಪ್ ತೆಗೆದು ಅಪಾಯಿಂಟ್‌ಮೆಂಟ್ ಹಾಕಿದಳು, ಜನವರಿ ಮೂರನೇ ವಾರ. ಎರಡು ರೊಟ್ಟಿ ತಿಂದಳು.

ಒಂದು ಪ್ರಶ್ನೆ ಉಳಿದಿದೆ. ಇನ್ಶೂರೆನ್ಸ್ ನಮ್ಮದು. ಪರೀಕ್ಷೆ ಮಾಡಿಸಿದರೆ ಕಾಗದ ಮನೆಗೆ ಬರುತ್ತಾ? ಟಪಾಲು ತೆಗೆಯುವವರು ಅವರಪ್ಪ.

ವಿಜಾಪುರ ಗುಮ್ಮಟ

ಬರಬಹುದು ಅಕ್ಕಾ. ಪರೀಕ್ಷೆಗೆ ಮೊದಲೇ ಅವಳೇ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ, ತನ್ನ ಕಾಗದ ತನ್ನ ಇಮೇಲಿಗೆ ಅಥವಾ ಕಾಲೇಜಿನ ವಿಳಾಸಕ್ಕೆ ಬರಲಿ ಅಂತ ಕೇಳಲಿ. ಕಾಲೇಜಿನ ಕೌನ್ಸೆಲಿಂಗ್ ಬಹಳ ಕಡೆ ಫೀಸಿನಲ್ಲೇ ಸೇರಿರುತ್ತದೆ, ಅದಕ್ಕೆ ಬಿಲ್ಲೇ ಬರಲ್ಲ. ಪರೀಕ್ಷೆಯನ್ನೂ ಹೆಲ್ತ್ ಸೆಂಟರಿನಲ್ಲೇ ಕೇಳಿ ನೋಡಲಿ, ಕೆಲವು ಕಡೆ ಬಿಟ್ಟಿ, ಕೆಲವು ಕಡೆ ಕಡಿಮೆ ದುಡ್ಡು. ಮೂರನೇ ವಾರ ತಡ ಅನ್ನಿಸಿದರೆ, ಯಾರಾದರೂ ರದ್ದು ಮಾಡಿದ ಸಮಯ ಇದೆಯಾ ಅಂತ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ ಕೇಳಲು ಹೇಳಿ. ಸಾಮಾನ್ಯವಾಗಿ ಸಿಗುತ್ತದೆ.